ಈಗಲೇ ಹಾಕಲಾ, ಕಾಯಲಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳದು ಒಂದೇ ಮಾತು. "ಮೇಡಂ, ಸರ್ಕಾರಿ ಸಹಾಯಧನದ ರೂಲ್ಸ್ ಬದಲಾಗುತ್ತಂತೆ. ಅರ್ಜಿ ಈಗಲೇ ಹಾಕಲಾ, ಸ್ವಲ್ಪ ಕಾಯಲಾ?" ಬಜೆಟ್ ಹತ್ತಿರ ಬಂದಾಗಲೆಲ್ಲ ಹೀಗೆಯೇ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸುದ್ದಿ ಹೊರಡುತ್ತದೆ, ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ, ಮಾರನೇ ದಿನ ಅಂಗನವಾಡಿ ಬಾಗಿಲಲ್ಲಿ ಹತ್ತು ಜನ ನಿಂತಿರುತ್ತಾರೆ. ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಈಗಲೂ ಅರ್ಜಿ ತುಂಬಿಸಿಕೊಳ್ಳಲು ಜನ ಮನೆಗೇ ಬರುತ್ತಾರೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಈ ಪ್ರಶ್ನೆಗೇ ಮೀಸಲು. ಪತ್ರ ಬರೆದವರ ಹೆಸರು ಹಾಕಿಲ್ಲ, ಜಿಲ್ಲೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ ಮೊದಲನೆಯದು ಗಂಡು. ಅವನು ಹುಟ್ಟಿದಾಗ ಕೇಂದ್ರ ಸರ್ಕಾರದ ಹೆರಿಗೆ ಸಹಾಯಧನ, ಅದೇ ಮಾತೃವಂದನಾ ಯೋಜನೆಯಲ್ಲಿ 5,000 ಬಂದಿತ್ತು. ಕಳೆದ ಜೂನ್ 10ಕ್ಕೆ ಮಗಳು ಹುಟ್ಟಿದಳು. ಎರಡನೇ ಮಗು ಹೆಣ್ಣಾದರೆ 6,000 ಅಂತ ಗೊತ್ತು. ಆದರೆ ನಮ್ಮ ಭಾವ, "ಏಪ್ರಿಲ್ ಒಂದರಿಂದ ಹಣ ಜಾಸ್ತಿ ಆಗುತ್ತೆ, ಈಗ ಹಾಕಿಬಿಟ್ಟರೆ ಹಳೇ ಲೆಕ್ಕದಲ್ಲೇ ಕೊಟ್ಟು ಕೈ ತೊಳೆದುಕೊಳ್ತಾರೆ, ತಡೆದುಕೊಳ್ಳಿ" ಅಂತಾರೆ. ಏನು ಮಾಡಲಿ?
– ಹಾವೇರಿ ಜಿಲ್ಲೆ

ಉತ್ತರ: ತಂಗೀ, ಈ ಪುಟ ಓದಿ ಮುಗಿಸುವ ಮೊದಲೇ ಅಂಗನವಾಡಿ ಕಾರ್ಯಕರ್ತೆಗೆ ಫೋನ್ ಮಾಡಿ.

ಎರಡನೇ ಹೆಣ್ಣು ಮಗುವಿನ ಅರ್ಜಿಗೆ ಮಗು ಹುಟ್ಟಿದ ದಿನದಿಂದ 270 ದಿನ ಗಡುವು. ಜೂನ್ 10ರಿಂದ ಎಣಿಸಿ ನೋಡಿದೆ, ಮಾರ್ಚ್ 7ಕ್ಕೆ ಮುಗಿಯುತ್ತದೆ. ನಿಮ್ಮ ಭಾವನವರ ಮಾತು ಕೇಳಿ ಏಪ್ರಿಲ್ ಒಂದಕ್ಕೆ ಹೋದರೆ ಜಾಸ್ತಿ ಹಣ ಹಾಗಿರಲಿ, ಇರುವ 6,000 ಕೂಡ ಕೈತಪ್ಪುತ್ತದೆ. ಮಾರ್ಚ್ 7ರವರೆಗೂ ಕಾಯಬೇಡಿ. ಕೊನೇ ದಿನ ಸರ್ವರ್ ಡೌನ್ ಆಗಿರುತ್ತದೆ, ಇಲ್ಲವೇ ಒಟಿಪಿ ಬರುವ ಫೋನ್ ನಿಮ್ಮ ಯಜಮಾನರ ಜೇಬಲ್ಲಿ ಬೇರೆ ಊರಿನಲ್ಲಿರುತ್ತದೆ.

ಭಾವನವರು ಹೇಳಿದ್ದರಲ್ಲಿ ಒಂದು ಸಂಗತಿ ಮಾತ್ರ ನಿಜ. ನಿಯಮ ಬದಲಾಗುವುದುಂಟು. ಈ ಯೋಜನೆಯೇ ಬದಲಾಗಿದೆ. 2017ರಲ್ಲಿ ಶುರುವಾದಾಗ ಮೊದಲ ಮಗುವಿಗೆ ಮಾತ್ರ ಇತ್ತು. 5,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತಿತ್ತು: 1,000, ಆಮೇಲೆ 2,000, ಮತ್ತೆ 2,000. 2022ರಲ್ಲಿ ಅದನ್ನು ಎರಡು ಕಂತು ಮಾಡಿದರು, 3,000 ಮತ್ತು 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000 ಅಂತ ಸೇರಿಸಿದರು. ಆ ಬದಲಾವಣೆ ಹೇಗೆ ಬಂತು ಅನ್ನುವುದನ್ನು ಗಮನಿಸಿ. ಮಾರ್ಗಸೂಚಿ ಹೊರಬಿದ್ದದ್ದು 2022ರ ಜುಲೈಯಲ್ಲಿ. ಜಾರಿಯಾದದ್ದು ಅದೇ ವರ್ಷದ ಏಪ್ರಿಲ್ 1ರಿಂದ, ಅಂದರೆ ಹಿಂದಿನ ದಿನಾಂಕದಿಂದ. ಎರಡನೇ ಮಗಳು ಏಪ್ರಿಲ್ 1 ಅಥವಾ ಆಮೇಲೆ ಹುಟ್ಟಿದ್ದರೆ ಸಿಕ್ಕಿತು. ಮಾರ್ಚ್ 31ಕ್ಕೆ ಹುಟ್ಟಿದ್ದರೆ ಇಲ್ಲ.

ಇಲ್ಲಿ ಎಣಿಕೆಗೆ ಬಂದದ್ದು ಮಗು ಹುಟ್ಟಿದ ದಿನ. ಅರ್ಜಿ ಹಾಕಿದ ದಿನ ಅಲ್ಲ. ಮಾರ್ಚ್‌ನಲ್ಲಿ ಹೆತ್ತವಳು ಕಾದು ಕೂತು ಆಗಸ್ಟ್‌ನಲ್ಲಿ ಅರ್ಜಿ ಹಾಕಿದ್ದರೂ ಸಿಗುತ್ತಿರಲಿಲ್ಲ. ಇದೊಂದು ಮನಸ್ಸಿನಲ್ಲಿ ಕೂತರೆ ಮುಕ್ಕಾಲು ಗೊಂದಲ ಹೋಗುತ್ತದೆ. ಹೆರಿಗೆ, ಮದುವೆ, ಮರಣ, ಇಂಥವಕ್ಕೆ ಸಂಬಂಧಪಟ್ಟ ಸಹಾಯಧನದಲ್ಲಿ ಸಾಮಾನ್ಯವಾಗಿ ನೋಡುವುದು ಆ ಘಟನೆ ನಡೆದ ದಿನವನ್ನು. ಅದು ಆಗಿಹೋಗಿದೆ. ನೀವು ಕಾದರೂ, ಓಡಿದರೂ ಅದು ಕದಲುವುದಿಲ್ಲ. ಕಾದರೆ ಕಳೆಯುವುದು ಗಡುವು ಮಾತ್ರ. ತಿಂಗಳು ತಿಂಗಳು ಬರುವ ಹಣದ ಕಥೆ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಕೆಲಸ. ಬಸಿರು, ಲಸಿಕೆಗಳ ವಿವರ ಬರೆಯುವ ನಿಮ್ಮ ತಾಯಿ ಕಾರ್ಡ್ ತೆಗೆದು ಬೆಳಕಿನಲ್ಲಿ ನೋಡಿ. ಕೊನೆಯ ಮುಟ್ಟಿನ ದಿನಾಂಕ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ಅಂಕಿ ಸರಿಯಾಗಿ ಓದಲು ಬರುತ್ತದಾ? ಎಷ್ಟೋ ಕಾರ್ಡ್‌ಗಳಲ್ಲಿ 1 ಅನ್ನು ತಿದ್ದಿ 7 ಮಾಡಿರುತ್ತಾರೆ, ಮೇಲೆ ಎಣ್ಣೆಗೈ ಬೇರೆ ತಾಗಿರುತ್ತದೆ. ಚುಚ್ಚುಮದ್ದಿನ ಪುಟದಲ್ಲಿ ಹದಿನಾಲ್ಕು ವಾರದವರೆಗಿನ ಲಸಿಕೆಗಳಿಗೆ ದಿನಾಂಕ ಬಿದ್ದಿರಬೇಕು. ಮಗುವಿಗೆ ಸೂಜಿ ಚುಚ್ಚಿದ್ದು ನಿಮಗೆ ನೆನಪಿರುತ್ತದೆ, ಕಾರ್ಡಿನಲ್ಲಿ ಆ ಚೌಕ ಖಾಲಿ ಇರುತ್ತದೆ. ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಹತ್ತಿರ ಹೋಗಿ ಅವರ ರಿಜಿಸ್ಟರ್ ನೋಡಿ ಬರೆಸಿಕೊಳ್ಳಿ. ಕಾರ್ಡ್, ಜನನ ಪ್ರಮಾಣಪತ್ರ, ಆಧಾರ್, ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯಾ ಅಂತಲೂ ನೋಡಿ. ಒಂದರಲ್ಲಿ ತವರಿನ ಇನಿಶಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡ್. ಬಿಪಿಎಲ್‌ಗೆ ಅರ್ಜಿ ಹಾಕಿ ಬಹಳ ದಿನ ಆಯಿತು, ಇನ್ನೂ ಬಂದಿಲ್ಲ. ನಾನೀಗ ಐದು ತಿಂಗಳ ಬಸುರಿ, ಮೊದಲನೆಯದು. ಬಿಪಿಎಲ್ ಕಾರ್ಡ್ ಬಂದ ಮೇಲೆ ಮಾತೃವಂದನಾಕ್ಕೆ ಹಾಕೋಣ ಅಂತ ಇದ್ದೇವೆ. ಸರಿ ತಾನೇ?
– ತುಮಕೂರು ಜಿಲ್ಲೆ

ಉತ್ತರ: ಸರಿ ಅಲ್ಲ. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ನಿಮಗೆ ಯಾರು ಹೇಳಿದರು? ಈಗಿನ ನಿಯಮದಲ್ಲಿ ಅರ್ಹತೆಗೆ ಹಲವು ದಾರಿಗಳಿವೆ. ಬಿಪಿಎಲ್ ಅದರಲ್ಲಿ ಒಂದು, ಅಷ್ಟೇ. ನರೇಗಾ ಜಾಬ್ ಕಾರ್ಡ್ ಇದೆಯಾ? ಇ-ಶ್ರಮ್ ಕಾರ್ಡ್? ಆಯುಷ್ಮಾನ್ ಭಾರತ್? ಕಿಸಾನ್ ಸಮ್ಮಾನ್ ಹಣ ಬರುತ್ತದಾ? ಪರಿಶಿಷ್ಟ ಜಾತಿ, ಪಂಗಡದವರಾ? ಇದರಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಯಾವುದೂ ಇಲ್ಲದಿದ್ದರೂ ಕುಟುಂಬದ ನಿವ್ವಳ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಆದಾಯ ಪ್ರಮಾಣಪತ್ರದ ಮೇಲೇ ಹಾಕಬಹುದು. ಈ ಕಡೆಯ ದಾರಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಎಪಿಎಲ್ ಅಂದ ತಕ್ಷಣ "ನಮಗಿಲ್ಲ ಬಿಡಿ" ಅಂತ ಮನೆಗೆ ಹೋಗಿಬಿಡುತ್ತಾರೆ.

ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಒಮ್ಮೆ ತೆಗೆಸಿದರೆ ಐದು ವರ್ಷ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಮೈದುನನ ಸ್ಕಾಲರ್‌ಶಿಪ್‌ಗೋ ಮತ್ತೊಂದಕ್ಕೋ ಮಾಡಿಸಿದ್ದು ಇದ್ದರೆ ಸುಮ್ನೆ ಅದನ್ನು ಕೊಡಬೇಡಿ. ಯಾರ ಹೆಸರಿನಲ್ಲಿದೆ, ಯಾವತ್ತು ಮುಗಿಯುತ್ತದೆ ಅಂತ ನೋಡಿ.

ನಿಮ್ಮ ವಿಷಯದಲ್ಲಿ ಕಾರ್ಡಿಗಿಂತ ದೊಡ್ಡ ಸಂಗತಿ ಒಂದಿದೆ. ಮೊದಲ ಕಂತಿನ 3,000ಕ್ಕೆ ಗರ್ಭಿಣಿ ಅಂತ ನೋಂದಣಿ ಆಗಿರಬೇಕು. ಜೊತೆಗೆ ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳೊಳಗೆ ಒಂದಾದರೂ ತಪಾಸಣೆ ಆಗಿರಬೇಕು. ನಿಮಗೆ ಈಗಲೇ ಐದು ತಿಂಗಳು. ನೀವು ಪೂರ್ತಿ ಖಾಸಗಿ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳುತ್ತಿದ್ದರೆ ತಾಯಿ ಕಾರ್ಡ್ ಆಗಿರುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವುವುದು. ಸ್ಕ್ಯಾನಿಂಗ್ ರಿಪೋರ್ಟ್ ಹತ್ತು ಇರುತ್ತವೆ, ತಾಯಿ ಕಾರ್ಡ್ ಒಂದು ಇರುವುದಿಲ್ಲ. ಈ ವಾರವೇ ಆಶಾ ಕಾರ್ಯಕರ್ತೆಯನ್ನು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ಮಾಡಿಸಿ. ಹೆರಿಗೆ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಿ. ಬಿಪಿಎಲ್ ಕಾರ್ಡ್ ಬರುವಾಗ ಬರಲಿ.

ಪ್ರಶ್ನೆ: ಹಿಂದಿನ ಸಲ ಮೊದಲ ಕಂತು ಬಂದ ಮೇಲೆ ಮಗು ಹೊಟ್ಟೆಯಲ್ಲೇ ಹೋಯಿತು. ಈಗ ಮತ್ತೆ ಗರ್ಭಿಣಿ. "ಒಂದು ಸಲ ತಗೊಂಡಿದ್ದೀಯಲ್ಲ, ಇನ್ನು ಉಳಿದ ಕಂತು ಮಾತ್ರ" ಅಂತಾರೆ. ನಿಜವಾ?
– ಕೊಪ್ಪಳ ಜಿಲ್ಲೆ

ಉತ್ತರ: ಅದು ಹಳೆಯ ನಿಯಮ. ಮೊದಲು ಹಾಗೇ ಇತ್ತು, ಉಳಿದ ಕಂತು ಮಾತ್ರ ಕೊಡುತ್ತಿದ್ದರು. 2022ರ ಮಾರ್ಗಸೂಚಿಯಲ್ಲಿ ಅದನ್ನು ಬದಲಾಯಿಸಿದರು. ಗರ್ಭಪಾತ ಆಗಿದ್ದರೆ ಅಥವಾ ಮಗು ಸತ್ತು ಹುಟ್ಟಿದ್ದರೆ ಮುಂದಿನ ಬಸಿರಿಗೆ ನಿಮ್ಮನ್ನು ಹೊಸ ಫಲಾನುಭವಿ ಅಂತಲೇ ತೆಗೆದುಕೊಳ್ಳಬೇಕು. ಹೇಳಿದವರು ಬೇಕಂತ ತಪ್ಪು ಹೇಳಿರಲಿಕ್ಕಿಲ್ಲ, ಹಳೆಯ ತರಬೇತಿ ತಲೆಯಲ್ಲಿ ಉಳಿದಿರುತ್ತದೆ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಈಗಿನ ಮಾರ್ಗಸೂಚಿ ನೋಡಿ ಹೇಳಿ ಅಂತ ಕೇಳಿ. ಸಂಕೋಚ ಬೇಡ. ಚೆನ್ನಾಗಿ ಉಂಡು, ನಿದ್ದೆ ಮಾಡಿ, ತಂಗೀ.

ಪ್ರಶ್ನೆ: ನನ್ನ ಮಗಳು 2008ರ ಆಗಸ್ಟ್‌ನಲ್ಲಿ ಹುಟ್ಟಿದವಳು, ನಾದಿನಿಯ ಮಗಳು ಅದೇ ಜುಲೈಯವಳು. ಇಬ್ಬರಿಗೂ ಭಾಗ್ಯಲಕ್ಷ್ಮಿ ಬಾಂಡ್ ಇದೆ. ನಮ್ಮದಕ್ಕೆ ಲಕ್ಷ ರೂಪಾಯಿ, ಅವರದಕ್ಕೆ ಅಷ್ಟು ಇಲ್ಲ ಅಂತ ಈಗ ಮನೆಯಲ್ಲಿ ಜಗಳ. "ನೀವು ತಡವಾಗಿ ಅರ್ಜಿ ಹಾಕಿ ಬುದ್ಧಿವಂತರಾದಿರಿ" ಅಂತ ನಾದಿನಿ ಮುನಿಸಿಕೊಂಡಿದ್ದಾರೆ. ಜೊತೆಗೆ ನನ್ನ ಚಿಕ್ಕ ಮಗಳು 2021ರವಳು, ಅವಳದು ಪೋಸ್ಟ್ ಆಫೀಸಿನ ಸುಕನ್ಯಾ ಖಾತೆ. ದೊಡ್ಡವಳದನ್ನೂ ಸುಕನ್ಯಾಗೆ ಬದಲಾಯಿಸಿಕೊಂಡರೆ ಬಡ್ಡಿ ಜಾಸ್ತಿ ಬರುತ್ತಾ?
– ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ನಾದಿನಿಗೆ ಈ ಪುಟ ಓದಿ ಹೇಳಿ. ನೀವು ಬುದ್ಧಿವಂತಿಕೆ ಮಾಡಿಲ್ಲ, ಅವರು ದಡ್ಡರೂ ಅಲ್ಲ. ಭಾಗ್ಯಲಕ್ಷ್ಮಿ ಶುರುವಾದದ್ದು 2006-07ರಲ್ಲಿ. ಆಗ ಮಗುವಿನ ಹೆಸರಿನಲ್ಲಿ ಸರ್ಕಾರ ಇಡುತ್ತಿದ್ದ ಠೇವಣಿ 10,000 ರೂಪಾಯಿ. 2008ರ ಆಗಸ್ಟ್ 1ರಿಂದ ಅದನ್ನು ಪರಿಷ್ಕರಿಸಿ ಮೊದಲ ಹೆಣ್ಣು ಮಗುವಿಗೆ 19,300, ಎರಡನೆಯದಕ್ಕೆ 18,350 ಮಾಡಿದರು. ಹದಿನೆಂಟು ತುಂಬಿದಾಗ ಮೊದಲನೆಯವಳಿಗೆ 1,00,097, ಎರಡನೆಯವಳಿಗೆ 1,00,052 ರೂಪಾಯಿ ಅಂತ ಲೆಕ್ಕ. ಜುಲೈ ಮತ್ತು ಆಗಸ್ಟ್ ನಡುವೆ ಗೆರೆ ಬಿತ್ತು. ನಿಮ್ಮ ಮಗಳು ಗೆರೆಯ ಈಚೆ, ಅವರ ಮಗಳು ಆಚೆ. ಇಲ್ಲೂ ನೋಡಿದ್ದು ಹುಟ್ಟಿದ ದಿನವನ್ನೇ.

ಇಂಥ ಗೆರೆ ನನಗೂ ಕಸಿವಿಸಿ ಮಾಡುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೇ ಮನೆ, ಒಂದೇ ಬಡತನ, ಎರಡು ವಾರದ ಅಂತರ. ಆದರೆ ಎಲ್ಲಾದರೂ ಒಂದು ಕಡೆ ಗೆರೆ ಎಳೆಯದೆ ಯೋಜನೆ ನಡೆಯುವುದಿಲ್ಲ. ಗೆರೆಯ ಪಕ್ಕದಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಬದಲಾಯಿಸಿಕೊಳ್ಳುವ ವಿಷಯ. ಆಗುವುದಿಲ್ಲ. 2020-21ರಿಂದ ಭಾಗ್ಯಲಕ್ಷ್ಮಿಯನ್ನು ಸುಕನ್ಯಾ ಸಮೃದ್ಧಿ ಖಾತೆಗೆ ಜೋಡಿಸಿದರು. ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ ಕಟ್ಟುತ್ತದೆ. ಅದು ಆಮೇಲೆ ಬಂದ ಮಕ್ಕಳಿಗೆ. ನಿಮ್ಮ ಹಿರಿಯಳದು ಬಾಂಡ್, ಬಾಂಡಾಗಿಯೇ ಇರುತ್ತದೆ. ಅವಳ ಹೆಸರಿನಲ್ಲಿ ಸ್ವಂತ ದುಡ್ಡಿನ ಸುಕನ್ಯಾ ಖಾತೆ ತೆರೆಯೋಣ ಅಂದರೂ ಹತ್ತು ವರ್ಷದೊಳಗೆ ತೆರೆಯಬೇಕಿತ್ತು.

ಬಡ್ಡಿ ಲೆಕ್ಕ ಬಿಟ್ಟು ಒಂದು ವಿಷಯ ನೋಡಿಕೊಳ್ಳಿ. ಈ ಆಗಸ್ಟ್‌ಗೆ ಅವಳಿಗೆ ಹದಿನೆಂಟು ತುಂಬುತ್ತದೆ ಅಲ್ವಾ? ಬಾಂಡಿನ ಹಣಕ್ಕೆ ಷರತ್ತುಗಳಿವೆ. ಎಂಟನೇ ತರಗತಿವರೆಗಾದರೂ ಓದಿರಬೇಕು, ಹದಿನೆಂಟರ ಒಳಗೆ ಮದುವೆ ಆಗಿರಬಾರದು. ನಿಮ್ಮ ಪತ್ರದ ಕೊನೆಯಲ್ಲಿ "ಒಳ್ಳೆ ಸಂಬಂಧ ಬಂದಿದೆ, ಏಪ್ರಿಲ್‌ನಲ್ಲಿ ಮುಹೂರ್ತ ಇದೆ" ಅಂತ ಒಂದು ಸಾಲು ಬರೆದಿದ್ದೀರಿ. ಆ ಸಾಲನ್ನು ನಾನು ಪ್ರಶ್ನೆಯಿಂದ ತೆಗೆದು ಇಲ್ಲಿಗೆ ತಂದಿದ್ದೇನೆ. ಏಪ್ರಿಲ್‌ನಲ್ಲಿ ಅವಳಿಗೆ ಹದಿನೇಳು. ಅದು ಬಾಲ್ಯವಿವಾಹ. ಬಾಂಡಿನ ಮಾತು ಆಮೇಲೆ, ಮೊದಲು ಪೊಲೀಸ್ ಕೇಸು. ಮುಹೂರ್ತ ಬಿಡಿ, ಹುಡುಗಿಯನ್ನು ಓದಿಸಿ.

ಬಾಂಡ್ ಎಲ್ಲಿಟ್ಟಿದ್ದೀರಿ ಅಂತ ಇವತ್ತೇ ಹುಡುಕಿ. ಹದಿನೆಂಟು ವರ್ಷ ಟ್ರಂಕಿನಲ್ಲಿ ಮಡಚಿಟ್ಟ ಕಾಗದ, ಮಡಿಕೆಯಲ್ಲೇ ಹರಿದಿರುತ್ತದೆ. ಜನನ ಪ್ರಮಾಣಪತ್ರದ ಹೆಸರು, ಶಾಲೆ ದಾಖಲೆಯ ಹೆಸರು, ಬಾಂಡಿನ ಹೆಸರು ಮೂರೂ ತಾಳೆಯಾಗಬೇಕು. ಎಷ್ಟೋ ಬಾಂಡುಗಳಲ್ಲಿ ನಾಮಕರಣದ ಹೆಸರಿರುತ್ತದೆ, ಶಾಲೆಯಲ್ಲಿ ಬೇರೆ ಹೆಸರು. ಅದನ್ನು ಈಗಲೇ ಸಿಡಿಪಿಒ ಕಚೇರಿಯಲ್ಲಿ ಕೇಳಿ ಸರಿಮಾಡಿಸಿಕೊಳ್ಳಿ. ಆಗಸ್ಟ್ ಬಂದ ಮೇಲೆ ಓಡಾಡಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ, ಆರು ವರ್ಷ ಆಯಿತು. ಕಳೆದ ಜೂನ್‌ನಲ್ಲಿ ಸೂಪರ್‌ವೈಸರ್ ಮಾಡಿ ಸಂಬಳ ಏರಿಸಿದರು, 21,000 ದಾಟಿತು. ಅಕ್ಟೋಬರ್‌ನಿಂದ ಇಎಸ್‌ಐ (ನೌಕರರ ವಿಮೆ) ಕಟ್ ಮಾಡುತ್ತಿಲ್ಲ. ಏಪ್ರಿಲ್ ಮೊದಲ ವಾರಕ್ಕೆ ಹೆರಿಗೆ ಡೇಟ್, ಮೊದಲನೇ ಮಗು. ಈಗ ಕಂಪನಿಯಲ್ಲಿ "ಇಎಸ್‌ಐ ಇಲ್ಲ, ನಾವೂ ಕೊಡಲ್ಲ" ಅಂತಾರೆ. ಸಂಬಳ ಏರಿಸಬೇಡಿ ಅನ್ನಬೇಕಿತ್ತೇನೋ ಅನಿಸುತ್ತಿದೆ.
– ಬೆಂಗಳೂರು

ಉತ್ತರ: ಛೇ, ಹಾಗೆಲ್ಲ ಅಂದುಕೊಳ್ಳಬೇಡಿ. ದುಡಿದು ಮೇಲೆ ಬಂದಿದ್ದೀರಿ. ನಿಮ್ಮ ಹೆರಿಗೆ ಭತ್ಯೆ ಎಲ್ಲಿಗೂ ಹೋಗಿಲ್ಲ.

ಇಎಸ್‌ಐ ವರ್ಷವನ್ನು ಎರಡು ಭಾಗ ಮಾಡುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಇವು ವಂತಿಗೆ ಕಟ್ಟುವ ಅವಧಿಗಳು. ಅವಧಿಯ ಮಧ್ಯದಲ್ಲಿ ಸಂಬಳ ಇಎಸ್‌ಐ ಮಿತಿಯಾದ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ನೀವು ಒಳಗೇ ಇರುತ್ತೀರಿ. ಅದಕ್ಕೇ ಜೂನ್‌ನಲ್ಲಿ ಸಂಬಳ ಏರಿದರೂ ಸೆಪ್ಟೆಂಬರ್‌ವರೆಗೆ ಕಟ್ ಆಯಿತು. ಕಂಪನಿ ಇಲ್ಲಿಯವರೆಗೆ ಸರಿಯಾಗಿಯೇ ಮಾಡಿದೆ.

ಸೌಲಭ್ಯ ಪಡೆಯುವ ಅವಧಿಗಳು ಬೇರೆ, ಅವು ಸ್ವಲ್ಪ ತಡವಾಗಿ ಹಿಂದೆ ಬರುತ್ತವೆ. ಜನವರಿಯಿಂದ ಜೂನ್ ಒಂದು, ಜುಲೈಯಿಂದ ಡಿಸೆಂಬರ್ ಇನ್ನೊಂದು. ನಿಮ್ಮ ಹೆರಿಗೆ ಏಪ್ರಿಲ್‌ನಲ್ಲಿ, ಅಂದರೆ ಜನವರಿ–ಜೂನ್ ಅವಧಿಯಲ್ಲಿ. ಅದಕ್ಕೆ ಲೆಕ್ಕ ಹಿಡಿಯುವುದು ಕಳೆದ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದರ ಹಿಂದಿನ ಅಕ್ಟೋಬರ್–ಮಾರ್ಚ್. ಆ ಎರಡೂ ಸೇರಿ 70 ದಿನದ ವಂತಿಗೆ ಇರಬೇಕು. ಆರು ವರ್ಷದಿಂದ ದುಡಿಯುತ್ತಿರುವ ನಿಮಗೆ ಅದು ಯಾವಾಗಲೋ ದಾಟಿದೆ. ಈಗ ಕಟ್ ಆಗುತ್ತಿಲ್ಲ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಸಂಬಳದ ಚೀಟಿಗಳನ್ನು ಒಟ್ಟು ಮಾಡಿ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಕಂಪನಿಯ ಎಚ್‌ಆರ್ ಬಾಯಿಮಾತನ್ನು ಅಂತಿಮ ಅಂದುಕೊಳ್ಳಬೇಡಿ. ಒಂದು ವೇಳೆ ಯಾರಿಗಾದರೂ ಈ ಲೆಕ್ಕದಲ್ಲಿ ಇಎಸ್‌ಐ ಸಿಗದೇ ಹೋದರೆ ಹೆರಿಗೆ ಸೌಲಭ್ಯ ಕೊಡುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. "ಅದೂ ಇಲ್ಲ, ಇದೂ ಇಲ್ಲ" ಅನ್ನುವ ಉತ್ತರ ಕಾನೂನಿನಲ್ಲಿ ಇಲ್ಲ. ಮೊದಲ ಮಗುವಾದ್ದರಿಂದ ನಿಮಗೆ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಇದು ಬಂದರೆ ಮಾತೃವಂದನಾಕ್ಕೆ ಹಾಕುವ ಹಾಗಿಲ್ಲ. ಕಾನೂನಿನ ಪ್ರಕಾರ ಇಂಥದೇ ಸೌಲಭ್ಯ ಬೇರೆ ಕಡೆ ಪಡೆಯುವವರನ್ನು ಅದರಿಂದ ಹೊರಗಿಟ್ಟಿದ್ದಾರೆ.

ಮಾತು ಬಂತು ಅಂತ ಹೇಳುತ್ತೇನೆ. ಈ 26 ವಾರ ಬಂದದ್ದು 2017ರ ಏಪ್ರಿಲ್ 1ರಿಂದ, ಅದಕ್ಕೆ ಮೊದಲು 12 ವಾರ ಇತ್ತು. ಆವತ್ತು ಅರ್ಧ ರಜೆಯಲ್ಲಿದ್ದವರ ಗತಿ ಏನು ಅಂತ ದೊಡ್ಡ ಗೊಂದಲ. ಕೇಂದ್ರ ಕಾರ್ಮಿಕ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಆ ದಿನ ಹೆರಿಗೆ ರಜೆಯಲ್ಲಿ ಇದ್ದವರಿಗೆ ಹೊಸ ಲೆಕ್ಕ, 12 ವಾರ ಮುಗಿಸಿ ಆಗಲೇ ಕೆಲಸಕ್ಕೆ ಮರಳಿದವರಿಗೆ ಇಲ್ಲ. ಹುಟ್ಟಿದ ದಿನವೂ ಅಲ್ಲ, ಅರ್ಜಿಯ ದಿನವೂ ಅಲ್ಲ. ಆ ದಿನ ನೀವು ಯಾವ ಸ್ಥಿತಿಯಲ್ಲಿದ್ದಿರಿ ಅನ್ನುವುದೇ ಮುಖ್ಯವಾಯಿತು. ಹಾಗಾಗಿ ಒಂದು ಯೋಜನೆಯ ಅನುಭವವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ. ಆದೇಶ ಓದಲೇಬೇಕು.

ಪ್ರಶ್ನೆ: ಅತ್ತೆಯವರು ಡಿಸೆಂಬರ್‌ನಲ್ಲಿ ತೀರಿಕೊಂಡರು. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ, ಗೃಹಲಕ್ಷ್ಮಿ 2,000 ಅವರ ಖಾತೆಗೇ ಬರುತ್ತಿತ್ತು. ಆಮೇಲೂ ಒಂದು ಕಂತು ಬಿದ್ದಿದೆ. ಬರುವಷ್ಟು ದಿನ ಬರಲಿ, ನಿಂತ ಮೇಲೆ ನನ್ನ ಹೆಸರಿಗೆ ಹಾಕೋಣ ಅಂತಾರೆ ಯಜಮಾನರು. ಮೈದುನ ಆದಾಯ ತೆರಿಗೆ ಕಟ್ಟುತ್ತಾನೆ, ಅದರಿಂದ ತೊಂದರೆ ಆಗುತ್ತಾ?
– ಉತ್ತರ ಕನ್ನಡ ಜಿಲ್ಲೆ

ಉತ್ತರ: ಯಜಮಾನರಿಗೆ ಹೇಳಿ, ಅತ್ತೆಯವರ ಎಟಿಎಂ ಕಾರ್ಡನ್ನು ಮುಟ್ಟಬೇಡಿ ಅಂತ. ತೀರಿಕೊಂಡ ಮೇಲೆ ಬಿದ್ದ ಹಣ ನಿಮ್ಮದಲ್ಲ, ಇವತ್ತಲ್ಲ ನಾಳೆ ವಾಪಸ್ ಕೇಳುತ್ತಾರೆ. ಆಗ ನಿಮ್ಮ ಹೆಸರಿನ ಅರ್ಜಿಯ ಮೇಲೂ ಅನುಮಾನ ಬರುತ್ತದೆ.

ತಿಂಗಳು ತಿಂಗಳು ಬರುವ ಹಣದ ಕಥೆ ಬೇರೆ ಅಂತ ಮೇಲೆ ಹೇಳಿದೆನಲ್ಲ, ಇದೇ ಅದು. ಇಲ್ಲಿ ಒಂದು ದಿನದ ಘಟನೆ ಲೆಕ್ಕವಲ್ಲ. ಯಾರು ಯಜಮಾನಿ ಅಂತ ದಾಖಲೆಯಲ್ಲಿದೆಯೋ ಅವರಿಗೆ ಹಣ. ದಾಖಲೆ ಬದಲಾಗುವವರೆಗೆ ನೀವು ಲೆಕ್ಕಕ್ಕೇ ಇಲ್ಲ. ನಿಮ್ಮ ಅರ್ಜಿ ಮಂಜೂರಾಗುವ ಮೊದಲಿನ ತಿಂಗಳುಗಳ ಹಣಕ್ಕೆ ಆಸೆ ಇಟ್ಟುಕೊಂಡು ಕೂರಬೇಡಿ. ಇಂಥ ಕಡೆ ತಡ ಮಾಡಿದಷ್ಟೂ ನಷ್ಟ ನಿಮಗೇ.

ಮೊದಲು ಮರಣ ನೋಂದಣಿ. 21 ದಿನದೊಳಗೆ ಆಗಿದ್ದರೆ ಒಳ್ಳೆಯದು. ನಿಮ್ಮ ಪತ್ರದ ಲೆಕ್ಕದಲ್ಲಿ 30 ದಿನವೂ ದಾಟಿರಬಹುದು. ಹಾಗಾಗಿದ್ದರೆ ತಡದ ಶುಲ್ಕದ ಜೊತೆ ಅನುಮತಿ ಪತ್ರವೂ ಬೇಕಾಗುತ್ತದೆ. ಒಂದು ವರ್ಷ ದಾಟಿದರಂತೂ ಮ್ಯಾಜಿಸ್ಟ್ರೇಟ್ ಆದೇಶದವರೆಗೆ ಹೋಗಬೇಕು. ಆಮೇಲೆ ರೇಷನ್ ಕಾರ್ಡಿನಲ್ಲಿ ಅತ್ತೆಯವರ ಹೆಸರು ತೆಗೆಸಿ ನಿಮ್ಮನ್ನು ಯಜಮಾನಿ ಮಾಡಿಸಿ. ಇದಕ್ಕೇ ಜಾಸ್ತಿ ದಿನ ಹಿಡಿಯುವುದು. ತಿದ್ದುಪಡಿಯ ಪೋರ್ಟಲ್ ಯಾವಾಗಲೂ ತೆರೆದಿರುವುದಿಲ್ಲ. ತೆರೆದ ದಿನ ಕೈಯಲ್ಲಿ ಮರಣ ಪ್ರಮಾಣಪತ್ರ ಇದ್ದವರ ಕೆಲಸ ಆಗುತ್ತದೆ, ಉಳಿದವರು ಮತ್ತೆ ಕಾಯುತ್ತಾರೆ. ಕಾರ್ಡ್ ಆದ ಮೇಲೆ ಗ್ರಾಮ ಒನ್‌ನಲ್ಲೋ ಬಾಪೂಜಿ ಸೇವಾ ಕೇಂದ್ರದಲ್ಲೋ ಗೃಹಲಕ್ಷ್ಮಿಗೆ ಹೊಸ ಅರ್ಜಿ. ಅಷ್ಟರೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ, ಆಗಿದೆಯಾ ನೋಡಿ. ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೇ ಹಣ ಬರುತ್ತದೆ ಅಂತ ಜನ ತಿಳಿದಿರುತ್ತಾರೆ. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಹಾಕುವ ಹಣ ಹೋಗುವುದು ಆಧಾರ್ ಸೀಡ್ ಆದ ಖಾತೆಗೆ. ಅದು ನೀವು ಮರೆತೇಹೋದ ಯಾವುದೋ ಖಾತೆ ಇರಬಹುದು.

ಮೈದುನನ ತೆರಿಗೆಯ ಚಿಂತೆ ಬೇಡ. ನಿಯಮ ಕೇಳುವುದು ಯಜಮಾನಿ ಅಥವಾ ಅವರ ಗಂಡ ತೆರಿಗೆ ಕಟ್ಟುತ್ತಾರಾ, ಜಿಎಸ್‌ಟಿ ರಿಟರ್ನ್ಸ್ ಹಾಕುತ್ತಾರಾ ಅಂತ. ನಿಮ್ಮ ಯಜಮಾನರು ಕಟ್ಟುವುದಿಲ್ಲ ತಾನೇ? ಮುಗಿಯಿತು.

ಪ್ರಶ್ನೆ: ಮನೆಯಲ್ಲೇ ಹೆರಿಗೆ ಆಯಿತು. ಜನನ ನೋಂದಣಿಗೆ ಇನ್ನೂ ಕೊಟ್ಟಿಲ್ಲ. ದಿನಾಂಕ ಸ್ವಲ್ಪ ಮುಂದೆ ಹಾಕಿಸಿದರೆ ಹೊಸ ನಿಯಮಕ್ಕೆ ಸೇರುತ್ತೆ ಅಂತ ಒಬ್ಬರು ಹೇಳಿದರು. ಮಾಡಬಹುದಾ?
– ಊರು ಬರೆದಿಲ್ಲ

ಉತ್ತರ: ಮಾಡಬಾರದು. ಊರು ಬರೆಯದಿದ್ದಾಗಲೇ ನಿಮಗೂ ಗೊತ್ತಿದೆ ಅಂತಾಯಿತು. ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನ ಇದೆ, ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಹೆರಿಗೆ ಆದ ದಿನ ಇದೆ, ಮಗುವಿಗೆ ಮೊದಲ ಲಸಿಕೆ ಹಾಕಿದ ದಿನ ಇದೆ. ಹುಟ್ಟುವ ಮೊದಲೇ ಬಿಸಿಜಿ ಹಾಕಿಸಿಕೊಂಡ ಮಗು ಅಂತ ಆದೀತು ನಿಮ್ಮದು. ಅದಲ್ಲದೆ 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಸುಳ್ಳು ಬರೆಸಿದರೆ ಮಗು ಜೀವನಪೂರ್ತಿ ಅದನ್ನೇ ಹೊತ್ತು ತಿರುಗಬೇಕು. 21 ದಿನ ದಾಟುವ ಮೊದಲು ನಿಜವಾದ ದಿನಾಂಕ ಕೊಟ್ಟು ನೋಂದಾಯಿಸಿ.

ಪ್ರಶ್ನೆ: ಅರ್ಜಿ ತಗೊಂಡು ಹೋದರೆ ಕಚೇರಿಯಲ್ಲಿ, "ಹೊಸ ಸುತ್ತೋಲೆ ಬರುತ್ತೆ, ಆಮೇಲೆ ಬನ್ನಿ" ಅಂತ ವಾಪಸ್ ಕಳಿಸಿದರು. ಗಡುವು ಹತ್ತಿರ ಬಂದಿದೆ. ಜಗಳ ಮಾಡಲು ಬರುವುದಿಲ್ಲ ನನಗೆ.
– ರಾಯಚೂರು ಜಿಲ್ಲೆ

ಉತ್ತರ: ಜಗಳ ಬೇಡವೇ ಬೇಡ. ಹೊಸ ಸುತ್ತೋಲೆ ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ, ಅರ್ಜಿ ತೆಗೆದುಕೊಳ್ಳಲೇಬೇಕು. ಬಜೆಟ್‌ನಲ್ಲಿ ಹೇಳಿದ್ದು, ಸಚಿವರು ಟಿವಿಯಲ್ಲಿ ಹೇಳಿದ್ದು ಆದೇಶವಾಗಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಸರ್ಕಾರಿ ಆದೇಶ ಹೊರಡಬೇಕು, ಮಾರ್ಗಸೂಚಿ ಬರಬೇಕು. ನಡುವೆ ತಿಂಗಳುಗಳೇ ಹೋಗುತ್ತವೆ. ನಿಮ್ಮ ಗಡುವು ಅದಕ್ಕೆ ಕಾಯುವುದಿಲ್ಲ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಮೇಜಿನ ಹತ್ತಿರ ಹೋಗಬೇಡಿ, ಟಪಾಲು ವಿಭಾಗಕ್ಕೆ ಹೋಗಿ. ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ದಿನಾಂಕ ಇರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲೂ ತೆಗೆದುಕೊಳ್ಳದಿದ್ದರೆ "ಸರಿ ಸಾರ್, ಯಾಕೆ ಆಗಲ್ಲ ಅಂತ ಒಂದು ಹಿಂಬರಹ ಕೊಡಿ" ಅಂತ ಮೆತ್ತಗೆ ಕೇಳಿ. ಬರವಣಿಗೆಯಲ್ಲಿ ಕೊಡಬೇಕು ಅಂದ ತಕ್ಷಣ ಎಷ್ಟೋ ಅರ್ಜಿಗಳು ಮುಂದೆ ಸಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೂ ಆಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮಾತೃವಂದನಾದಂಥ ಯೋಜನೆಗೆ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿಕೊಳ್ಳಲೂ ಬರುತ್ತದೆ.

ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ 'ಸಕಾಲ' ಕಾನೂನಿನಡಿ ಬರುವ ಸೇವೆಯಾದರೆ ಜಿಎಸ್‌ಸಿ ಸಂಖ್ಯೆ (ಸಕಾಲ ಅರ್ಜಿಯ ಸಂಖ್ಯೆ) ಇರುವ ಸ್ವೀಕೃತಿ ಚೀಟಿ ಕೊಡಲೇಬೇಕು. ಅದರಲ್ಲಿ ಎಷ್ಟು ದಿನದೊಳಗೆ ಕೆಲಸ ಆಗಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಆ ಮೊತ್ತ ಬಸ್ ಚಾರ್ಜಿಗೂ ಸಾಲದಿರಬಹುದು. ಆದರೆ ಮೇಲ್ಮನವಿ ಹಾಕಿದರೆ ಫೈಲ್ ಎಲ್ಲಿ ಕೂತಿದೆ ಅಂತ ಮೇಲಿನವರು ಕೇಳುತ್ತಾರೆ, ಕೆಲಸಕ್ಕೆ ಬರುವುದು ಅದು. ಕೆಲವು ಕಡೆ ಚೀಟಿಯ ಪ್ರಿಂಟ್ ಬೇಗ ಮಾಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲೂ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ.